ಗಾಜಿನ ಅನ್ನಪೂರ್ಣೆ

“ಬುದ್ಧಿ, ಕಲಿತ ವಿದ್ಯೆಯನ್ನು ನಡುದಾರಿಯಲ್ಲಿ ಬಿಡಬೇಕಾಗಿ ಬಂದರೆ, ಅದಕ್ಕೆ ಸುರಿದ ಆಯುಷ್ಯ ಎಲ್ಲಿ ಹೋಗುತ್ತದೆ?”

ಮಠದ ಸ್ವಾಮಿಗಳನ್ನು ಹೀಗೆ ಕೇಳಿದವನು ಗುರುಮಲ್ಲಪ್ಪ. ಮಠದಲ್ಲಿ ಶ್ರಾವಣದ ಪುರಾಣವನ್ನು ಬಹಳ ವರ್ಷಗಳಿಂದ ಅವನೇ ಓದುತ್ತಿದ್ದ. ಅವನ ಓದು ಕೇಳಲು ಸುತ್ತಲ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹಿಂದಿನ ವರ್ಷ ಅವನ ಗಂಟಲು ಕೆಟ್ಟಿತು. ಔಷಧ ಮಾಡಿಸಿದರು. ಮಾತು ಉಳಿಯಿತು, ರಾಗ ಉಳಿಯಲಿಲ್ಲ. ಈ ವರ್ಷ ಓದುವ ಮಣೆಯ ಮೇಲೆ ಬೇರೊಬ್ಬ ಕುಳಿತ. ಸ್ವಾಮಿಗಳು ಗುರುಮಲ್ಲಪ್ಪನನ್ನು ಕರೆದು, ದಾಸೋಹದಲ್ಲಿ ಸಾರು ಬಡಿಸುವ ಕೆಲಸ ನೋಡಿಕೊ ಎಂದಿದ್ದರು.

ಅವನು ಆಗದು ಎನ್ನಲಿಲ್ಲ. ಆದರೆ ಸೌಟು ಹಿಡಿದ ದಿನದಿಂದ ಅವನ ಮುಖ ಇಳಿದುಹೋಗಿತ್ತು. ಪುರಾಣ ಮುಗಿಯುವ ಮುಂಚೆಯೇ ಮೊದಲ ಪಂಕ್ತಿ ಕೂರುತ್ತಿತ್ತು. ಬಡಿಸುವಾಗ ಅವನ ಕಿವಿಯೆಲ್ಲ ಒಳಗೆ ಓದುವವನ ಕಡೆಗೇ. ಯಾರ ಎಲೆಗೆ ಎರಡು ಸಲ ಬಿತ್ತು, ಯಾರ ಎಲೆಗೆ ಬೀಳಲೇ ಇಲ್ಲ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಉಂಡವರು ಅದನ್ನು ಸ್ವಾಮಿಗಳಿಗೆ ಹೇಳಿದ್ದರೋ ಇಲ್ಲವೋ, ಗೊತ್ತಿಲ್ಲ.

ಸ್ವಾಮಿಗಳು ಆಗ ಜಗಲಿಯ ಮೇಲೆ ಕುಳಿತು ವಿಭೂತಿ ಗಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಕೈಕೆಲಸ ನಿಲ್ಲಿಸಲಿಲ್ಲ. ಕೂತುಕೊ ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಚಿತ್ರಕಾರನಿದ್ದ. ಊರೂರು ಸುತ್ತಿ ಮಠಗಳಿಗೆ, ಛತ್ರಗಳಿಗೆ, ಉಳ್ಳವರ ದೇವರ ಮನೆಗಳಿಗೆ ಚಿತ್ರ ಬರೆಯುತ್ತಿದ್ದ. ಗೋಡೆಯ ಮೇಲೂ ಬರೆದ, ಹಲಗೆಯ ಮೇಲೂ ಬರೆದ. ಬಣ್ಣದ ಕಲ್ಲನ್ನು ತಾನೇ ಅರೆಯುತ್ತಿದ್ದ. ಅರೆದದ್ದನ್ನು ಹೆಬ್ಬೆರಳಿನಲ್ಲಿ ತೀಡಿ ನೋಡುವನು. ಒಂದು ಕಣ ತರಿ ಸಿಕ್ಕಿದರೂ ಮತ್ತೆ ಅರೆಯುವನು. ಚಿನ್ನದ ರೇಕನ್ನು ಅಂಟಿಸಿ, ಅದರ ಮೇಲೆ ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರುವನು. ಉಜ್ಜುವುದರಲ್ಲಿ ಅವನಿಗೆ ಆತುರವೆಂಬುದು ಇರಲಿಲ್ಲ. ಈ ಮನುಷ್ಯ ಉಜ್ಜುತ್ತ ಕುಳಿತರೆ ಮಧ್ಯಾಹ್ನದ ಅನ್ನವನ್ನೇ ಸಂಜೆಗೂ ಬಿಸಿ ಮಾಡಬೇಕು ಎಂದು ಅವನ ಹೆಂಡತಿ ನೆರೆಯವರ ಮುಂದೆ ಹೇಳಿ ನಗುತ್ತಿದ್ದಳು.

ಅವನ ಕೆಲಸದಲ್ಲಿ ಎಲ್ಲರೂ ಮೆಚ್ಚಿದ್ದು ಕಣ್ಣು. ಕಣ್ಣನ್ನು ಅವನು ಕೊನೆಗೆ ಇಡುತ್ತಿದ್ದ. ಅದು ಆ ಕಸುಬಿನವರ ಸಂಪ್ರದಾಯ. ಮೈ, ಉಡಿಗೆ, ಒಡವೆ, ಮುಖ ಎಲ್ಲ ಮುಗಿದ ಮೇಲೆ ಒಳ್ಳೆಯ ದಿನ ನೋಡಿ, ಮಿಂದು, ಉಪವಾಸವಿದ್ದು, ಸಣ್ಣ ಕುಂಚದಿಂದ ಎರಡು ಕಣ್ಣುಪಾಪೆ ಇಡಬೇಕು. ಇಡುವಾಗ ಒಬ್ಬರು ಧಾನ್ಯದ ತಟ್ಟೆ ಹಿಡಿದು ಎದುರಿಗೆ ನಿಲ್ಲಬೇಕು. ದೇವರ ಮೊದಲ ನೋಟ ಧಾನ್ಯದ ಮೇಲೆ ಬಿದ್ದರೆ ಆ ಜಾಗದಲ್ಲಿ ಅನ್ನಕ್ಕೆ ಕೊರತೆ ಬಾರದು ಎಂಬ ನಂಬಿಕೆ. ಕಣ್ಣು ಬಂದ ದೇವರನ್ನು ಆಮೇಲೆ ಎಸೆಯುವಂತಿಲ್ಲ, ಒಡೆಯುವಂತಿಲ್ಲ. ತೆಗೆಯಲೇಬೇಕಾಗಿ ಬಂದರೆ, ಕಣ್ಣು ಇಟ್ಟವನೇ ಬಂದು ಕಣ್ಣು ಒರೆಸಬೇಕು. ಆದ್ದರಿಂದ ಈ ಚಿತ್ರಕಾರ ಅಭ್ಯಾಸಕ್ಕೆಂದು ಒಂದು ದಿನವೂ ದೇವರ ಮುಖ ಬರೆದವನಲ್ಲ. ಬರೆದರೆ ಪೂಜೆಗೆ ನಿಲ್ಲುವ ಮುಖವನ್ನೇ ಬರೆಯುವನು.

ಪ್ರಾಯದಲ್ಲಿ ಅವನು ಒಂದು ಛತ್ರದ ಗೋಡೆಯ ಮೇಲೆ ಅನ್ನಪೂರ್ಣೆಯನ್ನು ಬರೆದಿದ್ದ. ದಾರಿಹೋಕರಿಗೆ ಅನ್ನ ಹಾಕುವ ಛತ್ರ ಅದು. ತಾಯಿಯ ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಸೌಟು. ಉಣ್ಣುವವನು ಯಾವ ಮೂಲೆಯಲ್ಲಿ ಕುಳಿತರೂ ತಾಯಿ ತನ್ನ ಎಲೆಯನ್ನೇ ನೋಡುತ್ತಿದ್ದಾಳೆ ಎನ್ನಿಸುತ್ತಿತ್ತು. ಕೆಲವರು ಅವಳನ್ನು ನೋಡಲೆಂದೇ ಬಂದು, ಬಂದ ತಪ್ಪಿಗೆ ಊಟವನ್ನೂ ಮಾಡಿ ಹೋಗುತ್ತಿದ್ದರು. ಅವನು ಎಷ್ಟೋ ಚಿತ್ರ ಬರೆದ. ಅಂಥದ್ದು ಇನ್ನೊಂದು ಬರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಆ ಛತ್ರಕ್ಕೆ ಕಿಟಕಿ ಇರಲಿಲ್ಲ. ಮೂರು ಕಡೆ ಬೇರೆಯವರ ಮನೆಗಳು ಒತ್ತಿಕೊಂಡಿದ್ದವು. ಹಗಲಲ್ಲೂ ಒಳಗೆ ದೀಪ ಬೇಕು. ಒಲೆಯ ಹೊಗೆ, ದೀಪದ ಹೊಗೆ ಸೇರಿ ಚಿತ್ರ ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತಿತ್ತು. ಎಲೆಗೆ ಏನು ಬಿತ್ತೆಂದು ಉಣ್ಣುವವರಿಗೆ ಕಾಣದು, ಎಲ್ಲಿ ಬಡಿಸಿದೆನೆಂದು ಬಡಿಸುವವರಿಗೆ ಕಾಣದು. ಒಂದು ದಿನ ಕುದಿಯುವ ಸಾರು ಒಬ್ಬ ಮುದುಕಿಯ ಕೈ ಮೇಲೆ ಬಿತ್ತು.

ಛತ್ರ ನಡೆಸುತ್ತಿದ್ದವನು ಒಬ್ಬ ವರ್ತಕ. ಅವನು ಹಿರಿಯರನ್ನು ಕೂಡಿಸಿದ. ಬಾಗಿಲ ಪಕ್ಕದ ಗೋಡೆಯನ್ನು ಒಡೆದು ದೊಡ್ಡ ಗಾಜು ಕೂರಿಸುವುದೆಂದು ತೀರ್ಮಾನವಾಯಿತು. ಅಂಗಳದ ಬೆಳಕಿಗೆ ತೆರೆಯಬಹುದಾದ ಗೋಡೆ ಅದೊಂದೇ. ಅನ್ನಪೂರ್ಣೆ ಇದ್ದದ್ದೂ ಅದರ ಮೇಲೆಯೇ.

ಚಿತ್ರಕಾರನನ್ನು ಕರೆಸಿದರು. ಅಷ್ಟರಲ್ಲಿ ಅವನ ಕೂದಲು ಬೆಳ್ಳಗಾಗಿತ್ತು. ವರ್ತಕ ನಯವಾಗಿಯೇ ವಿಷಯ ತಿಳಿಸಿದ. ಹಲಗೆಯ ಮೇಲೆ ಇನ್ನೊಂದು ಬರೆದುಕೊಡಿ, ಒಳಗೋಡೆಗೆ ತೂಗುಹಾಕುತ್ತೇವೆ ಎಂದ. ಕೈ ಸುಟ್ಟ ಮುದುಕಿ ಎಲ್ಲಿ ಕುಳಿತಿದ್ದಳು ಎಂದು ಚಿತ್ರಕಾರ ಕೇಳಿದ. ತೋರಿಸಿದರು. ಅಲ್ಲೇ ತಾನೂ ಕುಳಿತು, ಒಂದು ಎಲೆ ಹಾಕಿಸಿಕೊಂಡು ನೋಡಿದ. ಎಲೆ ಕಾಣಲಿಲ್ಲ. ಎದ್ದು ಬಂದು, ಗೋಡೆ ಒಡೆಯಿರಿ ಎಂದ. ಒಂದನ್ನು ಮಾತ್ರ ಬೇಡಿದ. ಆ ಗಾಜನ್ನು ತನಗೆ ಕೊಡಬೇಕು, ತಾಯಿ ಇದ್ದ ಜಾಗದಲ್ಲಿ ತಾಯಿಯೇ ನಿಲ್ಲಬೇಕು.

ಗಾಜಿಗೆ ಬಣ್ಣ ಬಳಿದರೆ ಮತ್ತೆ ಕತ್ತಲೆಯೇ ಅಲ್ಲವೆ ಎಂದರು ಹಿರಿಯರು. ಬಳಿಯುವುದಿಲ್ಲ, ಗಾಜನ್ನೇ ಕೆತ್ತುತ್ತೇನೆ ಎಂದ. ಆ ವಿದ್ಯೆ ಎಲ್ಲಿ ಕಲಿತಿರಿ ಎಂದು ವರ್ತಕ ಕೇಳಿದ. ಇನ್ನು ಕಲಿಯಬೇಕು ಎಂದ. ಹಿರಿಯರು ನಕ್ಕರು. ವರ್ತಕ ನಗಲಿಲ್ಲ. ಬರುವ ಸಂತರ್ಪಣೆಯ ದಿನ ಮೊದಲ ಪಂಕ್ತಿ ಕೂರುವ ಹೊತ್ತಿಗೆ ತಾಯಿ ಅಲ್ಲಿ ನಿಂತಿರಬೇಕು, ಇಲ್ಲವಾದರೆ ಬರಿ ಗಾಜು ಹಾಕಿಸಿ ಮುಗಿಸುತ್ತೇನೆ ಎಂದ.

ಗೋಡೆಗೆ ಹಾರೆ ಬೀಳುವ ದಿನ ಚಿತ್ರಕಾರ ಒದ್ದೆ ಬಟ್ಟೆ ಹಿಡಿದು ಏಣಿ ಹತ್ತಿದ. ತಾನು ಇಟ್ಟ ಪಾಪೆಗಳನ್ನು ತಾನೇ ಒರೆಸಿದ. ಇಳಿದಾಗ ಬಟ್ಟೆಯಲ್ಲಿ ಎರಡು ಕಪ್ಪು ಕಲೆಗಳಿದ್ದವು. ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಂದೆ ತಿರುಗಿ ನೋಡದೆ ಪಟ್ಟಣದ ದಾರಿ ಹಿಡಿದ.

ಪಟ್ಟಣದಲ್ಲಿ ಗಾಜಿನ ಕೆತ್ತನೆಯವನೊಬ್ಬನಿದ್ದ. ಅಂಗಡಿ ಬಾಗಿಲುಗಳಿಗೆ ಬಳ್ಳಿ, ಕನ್ನಡಿಗಳಿಗೆ ಹೂವು ಕೆತ್ತುವವನು. ವಯಸ್ಸಿನಲ್ಲಿ ಚಿಕ್ಕವನು. ಚಿತ್ರಕಾರ ಅವನ ಮುಂದೆ ಹಣ್ಣುಕಾಯಿ ಇಟ್ಟು ಕೈಮುಗಿದು ಕುಳಿತ. ತಿರುಗುವ ಸಣ್ಣ ಕಲ್ಲಿನ ಗಾಲಿ, ಅದರ ಮೇಲೆ ತೊಟ್ಟಿಕ್ಕುವ ನೀರು, ಇಷ್ಟೇ ಸಾಧನ. ಗಾಲಿ ತಾಗಿದ ಕಡೆ ಗಾಜು ಮಾಸಿ ಬೆಳ್ಳಗಾಗುತ್ತದೆ. ಕೆತ್ತುವುದು ಹಿಂದಿನಿಂದ. ಹಿಂದೆ ತಗ್ಗು ಮಾಡಿದ್ದು ಮುಂದಿನಿಂದ ಉಬ್ಬಾಗಿ ಕಾಣುತ್ತದೆ.

ಮೊದಮೊದಲು ಅವನು ಮಾಡಿದ್ದೆಲ್ಲ ಕೆಟ್ಟಿತು. ಬಣ್ಣದಲ್ಲಿ ನೆರಳು ಇಟ್ಟು ರೂಢಿಯಾದ ಕೈ ಗಾಜಿನಲ್ಲೂ ನೆರಳಿನ ಜಾಗಕ್ಕೇ ಹೋಗುವುದು. ಗಾಜಿನಲ್ಲಿ ಮುಟ್ಟಿದ್ದು ಬೆಳಕಾಗುತ್ತದೆ, ಮುಟ್ಟದೆ ಬಿಟ್ಟದ್ದು ನೆರಳಾಗುತ್ತದೆ. ಅವನು ಕೆತ್ತಿದ ಮೊದಲ ಕಲಶವನ್ನು ನೋಡಿ ಕೆತ್ತನೆಯವನು, ಅಣ್ಣಾ, ಇದು ಕಲಶವೋ ಬೂದುಗುಂಬಳವೋ ಎಂದ. ಚಿತ್ರಕಾರ ತಾನೂ ನಕ್ಕ. ಆ ಗಾಜನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಂಡ. ಊರಲ್ಲಿ ಅವನ ಮುಂದೆ ದೊಡ್ಡವರೂ ಎದ್ದು ನಿಲ್ಲುತ್ತಿದ್ದರು. ಇಲ್ಲಿ ಅವನು ಅಕ್ಷರ ತಿದ್ದುವ ಮಗುವಿನಂತೆ ಕುಳಿತಿದ್ದ. ಅದರಿಂದ ಅವನಿಗೆ ಬೇಸರವಾದಂತೆ ಕಾಣಲಿಲ್ಲ. ಬಳ್ಳಿ ಬಂತು. ಎಲೆ ಬಂತು. ಸೀರೆಯ ನೆರಿಗೆ ಬಂತು, ಕೈಬೆರಳು ಬಂತು. ಕಡೆಗೆ ಕೆತ್ತನೆಯವನೇ ತನ್ನ ಗಿರಾಕಿಗಳಿಗೆ ಅವನ ಕೆಲಸವನ್ನು ತೋರಿಸತೊಡಗಿದ. ಮುಖ ಒಂದನ್ನು ಮಾತ್ರ ಚಿತ್ರಕಾರ ಅಲ್ಲಿ ಕೆತ್ತಲಿಲ್ಲ. ಅಭ್ಯಾಸಕ್ಕೆ ಮುಖ ಮಾಡುವುದು ಅವನ ನೇಮದಲ್ಲಿ ಇರಲಿಲ್ಲವಲ್ಲ.

ಇಲ್ಲಿಗೆ ಬಂದಾಗ ಗುರುಮಲ್ಲಪ್ಪ ನಡುವೆ ಬಾಯಿ ಹಾಕಿದ. ಮುಖ ಕೆತ್ತುವ ಬಗೆಯನ್ನು ಆ ಪಟ್ಟಣದವನಾದರೂ ಹೇಳಬಾರದಿತ್ತೆ ಎಂದ.

“ಕೇಳಿದ್ದರೆ ಹೇಳುತ್ತಿದ್ದ,” ಎಂದರು ಸ್ವಾಮಿಗಳು. “ಮುಖದ ವಿಷಯದಲ್ಲಿ ನಾನು ಯಾರನ್ನು ಕೇಳಬೇಕು ಎಂದುಕೊಂಡ.”

ಮತ್ತೆ ಕತೆಗೆ ಬಂದರು.

ಛತ್ರದ ಅಂಗಳದಲ್ಲಿ ಒಂದು ದೊಡ್ಡ ಹೊಂಗೆಮರವಿತ್ತು. ಅದರ ಕೆಳಗೆ ಚಪ್ಪರ ಹಾಕಿ, ಆಳೆತ್ತರದ ದಪ್ಪ ಗಾಜನ್ನು ಚೌಕಟ್ಟಿನಲ್ಲಿ ನಿಲ್ಲಿಸಿದರು. ಚಿತ್ರಕಾರ ಕೆಲಸ ಹಿಡಿದ. ಊಟಕ್ಕೆ ಕಾಯುವವರು ನೋಡುತ್ತ ಕೂರುವರು. ಪಾದ ಬಂತು, ನೆರಿಗೆ ಬಂತು, ಪಾತ್ರೆ ಬಂತು, ಸೌಟು ಹಿಡಿದ ಕೈ ಬಂತು. ಗೋಡೆಯ ಮೇಲಿದ್ದವಳಿಗಿಂತ ಇವಳು ಹಗುರ, ಗಾಳಿ ಬಂದರೆ ನೆರಿಗೆ ಅಲುಗಬಹುದು ಎಂದು ಜನ ಮಾತಾಡಿಕೊಂಡರು. ಅವನು ಮುಖಕ್ಕೆ ಬಂದ. ಹಣೆ, ಕೆನ್ನೆ, ತುಟಿ. ಕಣ್ಣಾಲಿಗಳು ಉಬ್ಬಿ ಕಾಣಬೇಕೆಂದು ಆ ಎರಡು ಕಡೆ ಸಣ್ಣ ಬಟ್ಟಲಿನ ಹಾಗೆ ಗುಂಡಗೆ ತಗ್ಗು ಮಾಡಿ, ಮುಖದ ಜೊತೆಗೇ ಬೆಳ್ಳಗೆ ಮಾಸಿಸಿ ಬಿಟ್ಟ. ಪಾಪೆ ಕೊನೆಯ ದಿನದ ಕೆಲಸ. ಅವನ ಕೈ ಅದರ ಬಗ್ಗೆ ಯೋಚಿಸಲೂ ಇಲ್ಲ.

ಗಾಜನ್ನು ಗೋಡೆಗೆ ಕೂರಿಸಿದರು. ಸಂತರ್ಪಣೆ ಹತ್ತಿರ ಬಂತು. ಕಣ್ಣಿಡುವ ದಿನ ಚಿತ್ರಕಾರ ಮಿಂದು, ಉಪವಾಸವಿದ್ದು ಬಂದ. ಅವನು ಹೊರಗೆ ಅಂಗಳದಲ್ಲಿ ಮಣೆಯ ಮೇಲೆ ನಿಂತ. ವರ್ತಕ ಒಳಗೆ ಭತ್ತದ ತಟ್ಟೆ ಹಿಡಿದು ನಿಂತ. ಮಿಕ್ಕವರು ಕೈಮುಗಿದುಕೊಂಡಿದ್ದರು.

ಚಿತ್ರಕಾರ ಗಾಲಿಯನ್ನು ಕಣ್ಣಿನ ನಡುವಿಗೆ ತಾಗಿಸಿದ. ಆ ಜಾಗ ಇನ್ನಷ್ಟು ಬೆಳ್ಳಗಾಯಿತು. ಮತ್ತೆ ತಾಗಿಸಿದ. ಮತ್ತಷ್ಟು ಬೆಳ್ಳಗಾಯಿತು. ಗಾಲಿಯಲ್ಲಿ ಕಪ್ಪು ಎಲ್ಲಿಂದ ಬರಬೇಕು? ಪಾಪೆಯ ಜಾಗವನ್ನು ಮೊದಲ ದಿನವೇ ಮುಟ್ಟದೆ ಬಿಡಬೇಕಿತ್ತು. ಬಣ್ಣದಲ್ಲಿ ಕೊನೆಯದಾದದ್ದು ಗಾಜಿನಲ್ಲಿ ಮೊದಲಿನದು. ಇಷ್ಟು ಅವನಿಗೆ ಹೊಳೆದಾಗ ಕೈ ನಿಂತಿತು.

ತಾಯಿ ಕುರುಡಿಯಾಗಿ ನಿಂತಿದ್ದಳು. ಹೆಂಗಸರು ಮುಖ ತಿರುಗಿಸಿದರು. ವರ್ತಕ ತಟ್ಟೆಯನ್ನು ಕೆಳಗಿಟ್ಟು ಹೊರಗೆ ಬಂದ. ಅವನಿಗೂ ದುಃಖವಾಗಿತ್ತು. ಆದರೆ ಕೆಲಸ ಆಗಬೇಕೆನ್ನುವ ಮನುಷ್ಯ.

“ಇದಕ್ಕೇಕೆ ಇಷ್ಟು ಯೋಚನೆ, ಚಿತ್ರಕಾರರೇ? ಎರಡು ಚುಕ್ಕೆ ಕಪ್ಪು ಬಣ್ಣ ಇಟ್ಟುಬಿಡಿ. ನಿಮಗೆ ಬರುವ ಕೆಲಸ ಅದೇ ಅಲ್ಲವೆ?”

ಚಿತ್ರಕಾರನ ಚೀಲದಲ್ಲಿ ಕುಂಚವೂ ಇತ್ತು, ಕಪ್ಪೂ ಇತ್ತು. ಕುಂಚವನ್ನು ತೆಗೆದ. ಅದನ್ನು ನೋಡಿದ. ಮತ್ತೆ ಚೀಲಕ್ಕೆ ಹಾಕಿದ.

“ಯಜಮಾನರೇ, ನೀವು ಬೆಳಕು ಬೇಕೆಂದು ಗೋಡೆ ಒಡೆಸಿದಿರಿ. ಅದರ ಮೇಲೆ ನಾನು ಬಣ್ಣ ಇಟ್ಟರೆ ಅದು ತಾಯಿಯ ಕಣ್ಣಿಗೆ ಹಾಕಿದ ಮುಚ್ಚಳ. ಸಂತರ್ಪಣೆಯ ತನಕ ನನ್ನನ್ನು ಬಿಡಿ.”

ವರ್ತಕ ಒಪ್ಪಿದ. ಆದರೆ ಕಣ್ಣಿಲ್ಲದ ದೇವರ ಮುಂದೆ ಜನರನ್ನು ಉಣ್ಣಲು ಕೂರಿಸಲಾರೆ, ಆ ಬೆಳಿಗ್ಗೆ ಹೀಗೆಯೇ ಇದ್ದರೆ ಗಾಜನ್ನು ತೆಗೆಸುತ್ತೇನೆ ಎಂದು ತಿಳಿಸಿ ಒಳಗೆ ಹೋದ. ಬದಲಿಗೆ ಹಾಕಲು ಬರಿ ಗಾಜು ಆಗಲೇ ಬಂದು ಅಂಗಳದ ಮೂಲೆಯಲ್ಲಿ ಒರಗಿತ್ತು.

ಚಿತ್ರಕಾರ ಮಣೆಯ ಮೇಲೆ ಕುಳಿತು ಯೋಚಿಸಿದ. ಚಿನ್ನದ ರೇಕು ಅಂಟಿಸಿದಾಗ ಮಂಕಾಗಿಯೇ ಇರುತ್ತದೆ. ಉಜ್ಜಿದ ಮೇಲೆ ಹೊಳೆಯುತ್ತದೆ. ಮಾಸಿದ ಗಾಜಿಗೂ ಅದೇ ನ್ಯಾಯವಿರಬಹುದೆ? ಈ ಸಲ ಅವನು ಕೇಳಲು ನಾಚಲಿಲ್ಲ. ಪಟ್ಟಣದ ಕೆತ್ತನೆಯವನಿಗೆ ಹೇಳಿಕಳಿಸಿದ. ಉತ್ತರ ಬಂತು. ಉಜ್ಜಿದರೆ ಗಾಜು ತಿಳಿಯಾಗುತ್ತದೆ, ಆದರೆ ತಗ್ಗಿನ ತಳದಲ್ಲಿ ಗಾಲಿ ಆಡಿಸಿದರೆ ಸೀಳಬಹುದು. ಬೆರಳಿನಲ್ಲೇ ಆಗಬೇಕು. ಅಷ್ಟು ತಾಳ್ಮೆ ನನಗೆ ಇಲ್ಲ ಅಣ್ಣಾ, ನಾನಾಗಿದ್ದರೆ ಬೇರೆ ಗಾಜು ತರಿಸುತ್ತಿದ್ದೆ. ಆ ಉತ್ತರದ ಜೊತೆಗೆ ಅವನು ಹೊಳಪಿನ ಪುಡಿಯ ಒಂದು ಗಂಟನ್ನೂ ಕಳಿಸಿದ್ದ.

ಚಿತ್ರಕಾರ ಮನೆಯಿಂದ ಬಣ್ಣ ಅರೆಯುವ ಕಲ್ಲನ್ನು ತರಿಸಿದ. ಆ ಪುಡಿಯನ್ನು ಅದರ ಮೇಲೆ ನೀರು ಬಿಟ್ಟು ಅರೆದ. ಹೆಬ್ಬೆರಳಿನಲ್ಲಿ ತೀಡಿ ನೋಡಿದ. ಒಂದು ಕಣ ತರಿ ಉಳಿದರೂ ಗೀರು ಬಿದ್ದು ತಾಯಿಯ ಕಣ್ಣಿನಲ್ಲಿ ಹೂ ಬಿದ್ದಂತಾಗುತ್ತದೆ. ಮತ್ತೆ ಅರೆದ. ಸೊಂಟದ ಬಟ್ಟೆಯನ್ನು ತೆಗೆದು ಬೆರಳಿಗೆ ಸುತ್ತಿಕೊಂಡ. ಹಳೆಯ ಕಣ್ಣುಗಳನ್ನು ಒರೆಸಿದ್ದ ಬಟ್ಟೆ ಅದು. ಕಣ್ಣಿನ ತಗ್ಗಿನ ನಡುವೆ, ಸಣ್ಣ ನಿಂಬೆಹಣ್ಣಿನಷ್ಟು ಜಾಗವನ್ನು ಉಜ್ಜತೊಡಗಿದ.

ಮೊದಲ ದಿನ ನೋಡಲು ಜನ ನೆರೆದರು. ಏನೂ ಆಗುತ್ತಿಲ್ಲವೆಂದು ಎದ್ದುಹೋದರು. ಮರುದಿನ ಯಾರೂ ನಿಲ್ಲಲಿಲ್ಲ. ಅವನ ಹೆಂಡತಿ ಬುತ್ತಿ ತಂದಳು. ಬಿಸಿ ಮಾಡಿಕೊಂಡು ಬರುವುದಕ್ಕೆ ಇಲ್ಲಿ ನನ್ನ ಒಲೆ ಇಲ್ಲ, ಆರುವ ಮುಂಚೆ ಉಣ್ಣಿ ಎಂದಳು. ಅವನು ಉಂಡ. ಕೈ ತೊಳೆದು ಮತ್ತೆ ಉಜ್ಜಿದ. ಬೆರಳಿನ ಚರ್ಮ ಸುಲಿಯಿತು. ಬಟ್ಟೆಯ ಮಡಿಕೆ ಬದಲಿಸಿಕೊಂಡು ಉಜ್ಜಿದ. ಚಿನ್ನದ ಮುಂದೆ ಕುಳಿತಾಗ ಅವನಲ್ಲಿ ಎಷ್ಟು ಸಮಾಧಾನವಿತ್ತೋ ಈಗಲೂ ಅಷ್ಟೇ ಇತ್ತು. ಮೂಲೆಯಲ್ಲಿ ಒರಗಿದ್ದ ಬರಿ ಗಾಜಿನ ಕಡೆ ಅವನು ಒಮ್ಮೆಯೂ ನೋಡಲಿಲ್ಲ.

ಸಂತರ್ಪಣೆಯ ಬೆಳಿಗ್ಗೆ ಅಂಗಳ ತುಂಬಿತು. ಜನ ಹೊಂಗೆಮರದ ನೆರಳಲ್ಲಿ ಸಾಲಾಗಿ ಕುಳಿತು ಮೊದಲ ಪಂಕ್ತಿಗೆ ಕಾಯುತ್ತಿದ್ದರು. ಚಿತ್ರಕಾರ ಇನ್ನೂ ಎಡಗಣ್ಣನ್ನು ಉಜ್ಜುತ್ತಿದ್ದ. ವರ್ತಕ ಗಾಜು ತೆಗೆಯುವ ಆಳುಗಳನ್ನು ಕರೆದು ನಿಲ್ಲಿಸಿಕೊಂಡಿದ್ದ. ಆಗ ಚಿತ್ರಕಾರ ನೀರು ಎರಚಿ, ಪುಡಿ ತೊಳೆದು, ಒಣಬಟ್ಟೆಯಿಂದ ಒರೆಸಿ, ಪಕ್ಕಕ್ಕೆ ಸರಿದ.

ಒಳಗೆ ಎಲೆ ಹಾಕುತ್ತಿದ್ದವನೊಬ್ಬ ತಲೆಯೆತ್ತಿ ನೋಡಿ ಹಾಗೆಯೇ ನಿಂತುಬಿಟ್ಟ. ಬೆಳ್ಳನೆಯ ಮುಖದಲ್ಲಿ ಎರಡು ಕಪ್ಪು ಪಾಪೆಗಳು ತೆರೆದಿದ್ದವು. ಆ ಕಪ್ಪು ಯಾರೂ ಇಟ್ಟದ್ದಲ್ಲ, ಹೊರಗಿನ ಮರದ ನೆರಳು ತಿಳಿಗಾಜಿನಲ್ಲಿ ಕಾಣುತ್ತಿತ್ತು. ವರ್ತಕ ಓಡಿ ಹೋಗಿ ಭತ್ತದ ತಟ್ಟೆ ತಂದ. ಎತ್ತಿ ಹಿಡಿಯಲು ಗಾಜಿನ ಹತ್ತಿರ ಹೋದ. ಹೋದವನು ಪಾಪೆಯೊಳಗೆ ನೋಡಿದ.

ಅದರಲ್ಲಿ ಅಂಗಳವೆಲ್ಲ ಇತ್ತು. ತಗ್ಗಾದ ಗಾಜು ಹೊರಗಿನದನ್ನೆಲ್ಲ ಚಿಕ್ಕದು ಮಾಡಿ ತನ್ನೊಳಗೆ ಕೂಡಿಸಿಕೊಂಡಿತ್ತು. ಆ ಜಾಗವನ್ನು ಮೊದಲೇ ಮುಟ್ಟದೆ ಬಿಟ್ಟಿದ್ದರೆ ಚಪ್ಪಟೆ ಗಾಜಿನಲ್ಲಿ ಮರದ ಒಂದು ಕೊಂಬೆ ಕಾಣುತ್ತಿತ್ತೇನೋ. ಈಗ ಇಡೀ ಮರ, ಮರದ ಕೆಳಗಿನ ಸಾಲು, ಸಾಲಿನ ಕೊನೆಯವನು ಕೂಡ ಸಾಸಿವೆಯಷ್ಟಾಗಿ ಕಾಣುತ್ತಿದ್ದರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ ಒಬ್ಬ ತಾಯಿ. ಅಂದು ಕೈ ಸುಟ್ಟುಕೊಂಡಿದ್ದ ಆ ಮುದುಕಿ.

ವರ್ತಕ ಎತ್ತಿದ್ದ ತಟ್ಟೆಯನ್ನು ಇಳಿಸಿದ. ತಾಯಿಯ ಮೊದಲ ನೋಟ ಹಸಿದವರ ಮೇಲೆ ಬಿದ್ದಾಗಿತ್ತು. ಅವನು ಹೊರಗೆ ಬಂದು, ಸಾಲಿನ ಕೊನೆಯಿಂದ ಜನರನ್ನು ಒಳಗೆ ಕರೆದ.

ಆ ಛತ್ರದಲ್ಲಿ ಅಂದಿನಿಂದ ಒಂದು ಪದ್ಧತಿ ಬಂತು. ಒಲೆ ಆರಿಸುವ ಮುಂಚೆ ಬಡಿಸುವವನು ಹೋಗಿ ತಾಯಿಯ ಕಣ್ಣಿನೊಳಗೆ ನೋಡಬೇಕು. ಅಲ್ಲಿ ಒಬ್ಬನೇ ಒಬ್ಬ ಕಂಡರೂ ಒಲೆ ಆರಿಸುವಂತಿಲ್ಲ.

ಚಿತ್ರಕಾರ ಆಮೇಲೆ ಬಹಳ ಕಾಲ ಬದುಕಿದ. ಕಟ್ಟಡ ಕಟ್ಟುವವರು ದೂರದಿಂದ ಅವನನ್ನು ಹುಡುಕಿಕೊಂಡು ಬಂದರು. ಒಂದು ಆಸ್ಪತ್ರೆಯಲ್ಲಿ ಹೆರಿಗೆಯ ಕೋಣೆಯ ಬಾಗಿಲಿಗೆ ತಾವರೆಯ ಮೊಗ್ಗುಗಳನ್ನು ಕೆತ್ತಿದ. ಒಂದು ಶಾಲೆಯ ಮೆಟ್ಟಿಲ ಪಕ್ಕದ ಗಾಜಿಗೆ ಹೊಳೆಯನ್ನು ಕೆತ್ತಿದ. ಮಕ್ಕಳು ಮೇಲೆ ಹತ್ತಿದಷ್ಟೂ ಅದು ಕಿರಿದಾಗುತ್ತ, ಕೊನೆಯ ಮೆಟ್ಟಿಲಲ್ಲಿ ಬೆರಳಗಲದ ನೀರಿನ ಊಟೆಯಾಗುತ್ತಿತ್ತು. ನಡುನಡುವೆ ಬಣ್ಣದ ಚಿತ್ರವನ್ನೂ ಬರೆದ. ಆ ಚಿತ್ರಗಳಲ್ಲಿ ಈಗ ಹಲಗೆಯ ಎಷ್ಟೋ ಜಾಗ ಬಣ್ಣವಿಲ್ಲದೆ ಹಾಗೆಯೇ ಇರುತ್ತಿತ್ತು. ನೋಡುವವರಿಗೆ ಅಲ್ಲೇ ಕಣ್ಣು ನಿಲ್ಲುತ್ತಿತ್ತು. ನೀವು ಬಣ್ಣದವರೋ ಗಾಜಿನವರೋ ಎಂದು ಯಾರಾದರೂ ಕೇಳಿದರೆ, ಸವೆದ ಹೆಬ್ಬೆರಳನ್ನು ಮುಂದೆ ಹಿಡಿದು, ಇದನ್ನು ಕೇಳಿ ಎಂದು ನಗುತ್ತಿದ್ದ.

ಸ್ವಾಮಿಗಳು ಕೊನೆಯ ವಿಭೂತಿ ಗಟ್ಟಿಯನ್ನು ಸುತ್ತಿ ಬುಟ್ಟಿಗೆ ಇಟ್ಟರು. ಅಂಗಳದಲ್ಲಿ ಆ ಹೊತ್ತಿನ ಪಂಕ್ತಿಗೆ ಜನ ಸೇರುತ್ತಿದ್ದ ಸದ್ದು ಕೇಳುತ್ತಿತ್ತು. ಗುರುಮಲ್ಲಪ್ಪನ ಮುಖ ಸ್ವಲ್ಪ ಅರಳಿತ್ತು. ಅವನು ಕೈಮುಗಿದು, “ಹಾಗಾದರೆ ನನ್ನ ಓದು ವ್ಯರ್ಥವಾಗಲಿಲ್ಲ ಎನ್ನುತ್ತೀರಾ, ಬುದ್ಧಿ?” ಎಂದ.

“ಓದುವಾಗ ಊರೆಲ್ಲ ನಿನ್ನನ್ನು ನೋಡಿತು, ಗುರುಮಲ್ಲಪ್ಪ, ಬಡಿಸುವಾಗ ನೀನು ಯಾರನ್ನು ನೋಡಿದೆ?”

ಗುರುಮಲ್ಲಪ್ಪ ಮುಗಿದ ಕೈ ಇಳಿಸಿ, ಎದ್ದು, ಅಂಗಳದಲ್ಲಿ ಸೇರಿದ್ದ ಜನರ ಕಡೆ ನೋಡಿದ.